ಗಿರಾಕಿಗೇ ಬೀಜ ಕೊಟ್ಟೆ

ನಾನು ತರಕಾರಿ ಮಾರುವವ. 2020ರಿಂದ ನನ್ನ ಗಿರಾಕಿಗಳಿಗೇ ತರಕಾರಿ ಬೆಳೆಯುವುದನ್ನು ಹೇಳಿಕೊಡುತ್ತಾ ಬಂದಿದ್ದೇನೆ. ಬೀಜ ಕೊಡುತ್ತೇನೆ, ಸಸಿ ಕೊಡುತ್ತೇನೆ, ಹುಳ ಬಿತ್ತು ಅಂತ ಕರೆದರೆ ಹೋಗಿ ನೋಡುತ್ತೇನೆ. ‘ನಿಮಗೆ ತಲೆ ಸರಿ ಉಂಟಾ?’ ಎಂದು ಕೇಳಿದವರಲ್ಲಿ ನನ್ನ ಹೆಂಡತಿಯೇ ಮೊದಲಿಗಳು. ಅವಳ ಪ್ರಶ್ನೆ ತಪ್ಪಲ್ಲ. ಗಿರಾಕಿ ಬೆಳೆದುಕೊಂಡರೆ ನಾವು ಯಾರಿಗೆ ಮಾರುವುದು? ಈ ಲೇಖನ ಬರೆಯಲು ಅದೇ ಕಾರಣ. ನಮ್ಮಂಥ ಸಣ್ಣ ಬೆಳೆಗಾರರಿಗೆ ಪೇಟೆಯವರ ಕೈತೋಟ ಅಂದರೆ ಎದುರಾಳಿಯೋ ಅಲ್ಲವೋ ಎಂಬುದಕ್ಕೆ ನನ್ನ ಡೈರಿಯಲ್ಲಿರುವ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ.

ನಮ್ಮದು ಕಾರವಾರ ತಾಲೂಕಿನ ಸದಾಶಿವಗಡ. ಕಾಳಿ ನದಿ ಸಮುದ್ರ ಸೇರುವ ಜಾಗ. ದಕ್ಷಿಣ ದಂಡೆಗೆ ಕಾರವಾರ ಪೇಟೆ, ಉತ್ತರ ದಂಡೆಗೆ ನಾವು. ಗುಡ್ಡದ ಮೇಲೆ ಸೋದೆ ಅರಸರ ಕಾಲದ ಕೋಟೆ, ಬುಡದಲ್ಲಿ ಹೆದ್ದಾರಿ, ಹೆದ್ದಾರಿಯ ಎರಡೂ ಬದಿ ಅಂಗಡಿ, ಬಾಡಿಗೆ ಮನೆ, ಕಾಲೊನಿ. ದಾಖಲೆಯಲ್ಲಿ ಚಿತ್ತಾಕುಲ ಗ್ರಾಮ ಪಂಚಾಯ್ತಿ. ನೋಡಲಿಕ್ಕೆ ಪೂರ್ತಿ ಪೇಟೆಯೂ ಅಲ್ಲ, ಹಳ್ಳಿಯೂ ಅಲ್ಲ. ಬೆಳಿಗ್ಗೆ ಅರ್ಧ ಊರು ಸೇತುವೆ ದಾಟಿ ಕಾರವಾರಕ್ಕೆ ಹೋಗುತ್ತದೆ, ಇನ್ನಷ್ಟು ಜನ ಮಾಜಾಳಿ ಗಡಿ ದಾಟಿ ಗೋವಾಕ್ಕೆ ದುಡಿಯಲು ಹೋಗುತ್ತಾರೆ. ನನಗಿರುವುದು 28 ಗುಂಟೆ. ಅದರಲ್ಲಿ ತೆಂಗು ಹೋಗಿ ತರಕಾರಿಗೆ ಸಿಗುವುದು 9 ಗುಂಟೆ. ಹರಿವೆ, ಬಸಳೆ, ಅಲಸಂದೆ, ಬದನೆ, ಮೊಗೆಕಾಯಿ. ಭಾನುವಾರ ಕಾರವಾರದ ಸಂತೆ, ಉಳಿದ ದಿನ ಸೈಕಲ್ಲಿನ ಹಿಂದೆ ಬುಟ್ಟಿ.

ಅರ್ಧ ಕಿಲೋಮೀಟರ್ ದೂರ

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತಲ್ಲ, ಆಗ ನನ್ನ ಗದ್ದೆಯಲ್ಲಿ ಕೆಂಪು ಹರಿವೆ ಕೀಳುವ ಹದಕ್ಕೆ ನಿಂತಿತ್ತು. ಸಂತೆ ಬಂದ್. ಹರಿವೆ ಕಾಯುವ ಬೆಳೆ ಅಲ್ಲ. ನಾಲ್ಕು ದಿನ ಮೀರಿದರೆ ದಂಟಿಗೆ ನಾರು ಬರುತ್ತದೆ, ಹೂ ತೆನೆ ಹೊರಡುತ್ತದೆ. ಎರಡು ದಿನ ದನಕ್ಕೆ ಹಾಕಿದೆ. ಮೂರನೇ ದಿನ ದನವೂ ಮೂಸಿ ನೋಡಿ ಮುಖ ತಿರುಗಿಸಿತು.

ಆ ಹೊತ್ತಿಗೆ ನಮ್ಮ ಹಿಂಬದಿಯ ಬಾಡಿಗೆ ಕೋಣೆಗಳ ಸಾಲಿನಲ್ಲಿದ್ದವರ ನೆನಪಾಯಿತು. ಹೆಚ್ಚಿನವರು ಗೋವಾಕ್ಕೆ ಕೂಲಿಗೆ ಹೋಗುತ್ತಿದ್ದವರು. ಗಡಿ ಮುಚ್ಚಿತ್ತು, ಕೂಲಿ ಇಲ್ಲ. ಬುಟ್ಟಿ ತುಂಬ ಹರಿವೆ ತಗೊಂಡು ಹೋದೆ. ಒಬ್ಬಳು ತಾಯಿ ಸೊಪ್ಪಿನ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡು, ‘ಅಣ್ಣಾ, ಹಸಿರು ಅಂತ ಕಾಣದೆ ಹದಿನೈದು ದಿನ ಆಯ್ತು’ ಅಂದಳು. ಅಕ್ಕಿ ಇತ್ತು ಅವರಲ್ಲಿ, ಪಡಿತರದ್ದು. ಒಣಮೀನು ಇತ್ತು. ಗಂಜಿ, ಒಣಮೀನು, ಮತ್ತೆ ಗಂಜಿ. ನನ್ನ ಗದ್ದೆಯಲ್ಲಿ ಸೊಪ್ಪು ಕೊಳೆಯುತ್ತಿತ್ತು. ಅವಳ ಮನೆಗೂ ನನ್ನ ಗದ್ದೆಗೂ ನಡುವೆ ಇದ್ದದ್ದು ಅರ್ಧ ಕಿಲೋಮೀಟರ್!

ಲಾಕ್‌ಡೌನ್ ಇಲ್ಲದಿದ್ದರೂ ಅವಳು ಹರಿವೆ ಕೊಳ್ಳುತ್ತಿದ್ದಳಾ ಎಂದು ಆಮೇಲೆ ಯೋಚಿಸಿದೆ. ಕೊಳ್ಳುತ್ತಿದ್ದದ್ದು ವಾರಕ್ಕೊಮ್ಮೆ, ಅದೂ ಸಂಜೆ ಬಾಡಿದ ಮೇಲೆ ರೇಟು ಇಳಿದಾಗ. ರೋಗ ಬಂದ ಕಾರಣ ಕಣ್ಣಿಗೆ ಬಿತ್ತು ಅಷ್ಟೆ, ಕೊರತೆ ಮೊದಲೇ ಇತ್ತು. ಪಡಿತರದಲ್ಲಿ ಅಕ್ಕಿ ಸಿಗುತ್ತದೆ, ಸೊಪ್ಪು ಸಿಗುವುದಿಲ್ಲ. 2019–21ರಲ್ಲಿ ಮಾಡಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ, 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಅಕ್ಕಿ ತುಂಬಿದ ಹೊಟ್ಟೆಯೂ ಹೀಗೆ ಖಾಲಿ ಇರುತ್ತದೆ.

ಇನ್ನೊಂದು ಮಾತು. ಇಲ್ಲಿಯ ಕಾಲೊನಿಯಲ್ಲಿರುವ ಎಷ್ಟೋ ಮನೆಯವರು ಮೂಲತಃ ಕೃಷಿಕರೇ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕಿನ ಕರಾವಳಿ ಹಳ್ಳಿಗಳು ತೆರವಾದಾಗ ಗದ್ದೆ, ತೋಟ, ಬಾವಿ ಬಿಟ್ಟು ಬಂದವರು. ಈಗ ಮನೆ ಜಾಗ ಉಂಟು, ಗದ್ದೆ ಇಲ್ಲ. ಅವರಲ್ಲೊಬ್ಬ ಅಜ್ಜಿ ನನ್ನ ಹತ್ತಿರ ಬಸಳೆ ಕೊಳ್ಳುವಾಗ ದಂಟು ಮುರಿದು ನೋಡಿ, ‘ಇದಕ್ಕೆ ಬೂದಿ ಸಾಲದು’ ಅಂದಿದ್ದಳು. ನನಗಿಂತ ಹೆಚ್ಚು ತಿಳಿದವಳು ನನ್ನಿಂದ ಹತ್ತು ರೂಪಾಯಿಗೆ ಬಸಳೆ ಕೊಳ್ಳಬೇಕು. ನನಗೆ ಅದು ಸರಿ ಕಾಣಲಿಲ್ಲ. ಆ ಅಜ್ಜಿಗೇ ಮೊದಲು ನಾಲ್ಕು ಬಸಳೆ ದಂಟು ಕೊಟ್ಟದ್ದು.

ಹೊಯ್ಗೆ ಕಲಿಸಿದ ಪಾಠ

ಮೊದಲ ವರ್ಷ 23 ಮನೆಯವರು ತಯಾರಾದರು. ಜಾಗ ಇಲ್ಲದವರಿಗೆ ಸಿಮೆಂಟು ಚೀಲ. ಮನೆ ಕಟ್ಟುವಲ್ಲಿ ಬಿಸಾಡಿದ್ದನ್ನು ಆರಿಸಿ ತಂದು, ಎರಡು ಸಲ ತೊಳೆದು, ತಿರುಗಿಸಿ, ತಳಕ್ಕೆ ತೂತು ಮಾಡಿದೆವು. ಮಣ್ಣಿಗೆ ಎಂತ ಮಾಡುವುದು? ಕೆಂಪು ಜಂಬಿಟ್ಟಿಗೆ ಮಣ್ಣು ಒಂದೇ ಆದರೆ ಗಟ್ಟಿಯಾಗುತ್ತದೆ, ಹಾಗಾಗಿ ಹೊಯ್ಗೆ ಬೆರೆಸುವಾ ಎಂದು ಕಾಳಿ ದಂಡೆಯಿಂದ ನಾನೇ ಹೊಯ್ಗೆ ತರಿಸಿದೆ. ಐಡಿಯಾ ನನ್ನದೇ, ಬೇರೆಯವರ ಮೇಲೆ ಹಾಕುವ ಹಾಗಿಲ್ಲ. ಹನ್ನೆರಡು ದಿನದಲ್ಲಿ ಅಲಸಂದೆ ಸಸಿಗಳ ಎಲೆ ಅಂಚು ಸುಟ್ಟ ಹಾಗೆ ಒಣಗಿತು. ಮೂರು ವಾರಕ್ಕೆ ಎಲ್ಲ ಪೂರ್ತಿ ನೆಲಕ್ಕೆ. ನದಿ ಬಾಯಿಯ ಹೊಯ್ಗೆಯಲ್ಲಿ ಬೇಸಿಗೆಗೆ ಉಪ್ಪು ತುಂಬಿರುತ್ತದೆ. ಐವತ್ತು ವರ್ಷ ಇಲ್ಲೇ ಬದುಕಿದವನಿಗೆ ಅದು ತಿಳಿಯಬೇಕಿತ್ತು!

ಕರಾವಳಿಯಲ್ಲಿ ಚೀಲದ ತೋಟ ಮಾಡುವವರಿಗೆ ಇದು ಮುಖ್ಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಮುದ್ರದ, ಅಳಿವೆಯ ಹೊಯ್ಗೆ ಬೇಡವೇ ಬೇಡ. ಬೇಕೇ ಬೇಕಾದರೆ ಒಂದು ಮಳೆಗಾಲ ಪೂರ್ತಿ ತೆರೆದ ಜಾಗದಲ್ಲಿ ಹರಡಿ ಇಟ್ಟು ಉಪ್ಪು ತೊಳೆದುಹೋಗಲಿ. ಈಗ ನಾವು ಮಾಡುವುದು ಹೀಗೆ. ಚೀಲದ ತಳಕ್ಕೆ ಒಂದು ಗೇಣು ತೆಂಗಿನ ಸಿಪ್ಪೆ, ನಾರು ಮೇಲೆ ಬರುವ ಹಾಗೆ. ಅದರ ಮೇಲೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆ ಗೊಬ್ಬರ, ಒಂದು ಪಾಲು ಸುಡುಮಣ್ಣು. ಸುಡುಮಣ್ಣು ಗೊತ್ತಲ್ಲ? ತರಗೆಲೆ, ಕಸ, ಮೇಲೆ ಮಣ್ಣು ಮುಚ್ಚಿ ಹೊಗೆಯಾಡಿಸಿ ಸುಟ್ಟದ್ದು. ಅಪ್ಪನ ಕಾಲದಲ್ಲಿ ಇದಿಲ್ಲದೆ ತರಕಾರಿಯೇ ಇಲ್ಲ. ಮಣ್ಣು ಹಗುರ ಆಗುತ್ತದೆ, ಪೊಟ್ಯಾಷ್ ಸಿಗುತ್ತದೆ, ಮಣ್ಣಿನ ಹುಳದ ಕಾಟವೂ ಕಮ್ಮಿ. ಸಿಪ್ಪೆ ನೀರು ಹಿಡಿದಿಡುವ ಕಾರಣ ಚೀಲಕ್ಕೆ ಎರಡು ದಿನಕ್ಕೊಮ್ಮೆ ನೀರು ಕೊಟ್ಟರೂ ನಡೆಯುತ್ತದೆ.

ನೀರಿನದ್ದೂ ಇದೇ ಕತೆ. ಏಪ್ರಿಲ್-ಮೇ ತಿಂಗಳಲ್ಲಿ ನದಿ ಬದಿಯ ಬಾವಿಗಳು ಚಪ್ಪೆಯಿಂದ ಉಪ್ಪಿಗೆ ತಿರುಗುತ್ತವೆ. ಅಲಸಂದೆ, ಬೀನ್ಸು ಜಾತಿಗೆ ಉಪ್ಪು ಒಂಚೂರೂ ಆಗುವುದಿಲ್ಲ. ಹರಿವೆ, ಬಸಳೆ ಸ್ವಲ್ಪ ತಡೆದುಕೊಳ್ಳುತ್ತವೆ. ಅಂಥ ಬಾವಿಯವರಿಗೆ ಬೇಸಿಗೆಯಲ್ಲಿ ಬಸಳೆ ಬಿಟ್ಟು ಬೇರೆ ಹಾಕಬೇಡಿ ಎಂದು ಹೇಳಿದ್ದೇನೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಚೀಲಕ್ಕೆ. ಸೋಪಿನ ನೀರು ಬಾಳೆ ಬುಡಕ್ಕೆ.

ಮೀನಿನ ಗೊಬ್ಬರ ನಮ್ಮೂರಿನ ವಿಶೇಷ. ಬೇರೆ ಊರಿನವರಿಗೆ ಸೆಗಣಿ ಹೇಗೋ ನಮಗೆ ಮೀನಿನ ತಲೆ, ಕರುಳು. ಮೀನು ಕೊಯ್ಯುವ ಹೆಂಗಸರು ಕೇಳಿದರೆ ಬೇಡ ಅನ್ನುವುದಿಲ್ಲ. ಮೊದಲು ಹಸಿಯಾಗಿಯೇ ಚೀಲದಲ್ಲಿ ಮುಚ್ಚಿದೆವು. ರಾತ್ರಿ ಬೆಳಗಾಗುವುದರೊಳಗೆ ಕೇರಿಯ ನಾಯಿಗಳು ಏಳು ಚೀಲ ಮಗುಚಿ ಹಾಕಿದ್ದವು. ಆ ದಿನ ಬೈಗಳು ತಿಂದದ್ದು ನಾನು. ಈಗ ಮೀನಿನ ಕಸಕ್ಕೆ ಅಷ್ಟೇ ತೂಕದ ಬೆಲ್ಲ ಹಾಕಿ ಡಬ್ಬದಲ್ಲಿ ಮುಚ್ಚಿಡುತ್ತೇವೆ. ತಿಂಗಳಾದ ಮೇಲೆ ಸೋಸಿ, ಒಂದು ಲೀಟರ್ ನೀರಿಗೆ 3–4 ಮಿಲಿ. ಹದಿನೈದು ದಿನಕ್ಕೊಮ್ಮೆ ಎಲೆಗೆ ಸಿಂಪಡಿಸಿದರೆ ಬಸಳೆ ಕಣ್ಣಿಗೆ ಕಾಣುವ ಹಾಗೆ ಮೇಲೇಳುತ್ತದೆ. ಮೀನು ಉಪ್ಪು ಹಾಕಿದ್ದಾಗಿರಬಾರದು.

‘ನಮ್ಮ ಹೊಟ್ಟೆ ಮೇಲೆ ಹೊಡಿತ್ಯಾ?’

ಎರಡನೇ ವರ್ಷ ಪ್ರಶ್ನೆ ಬಂತು. ಸಂತೆಯಲ್ಲಿ ನನ್ನ ಪಕ್ಕ ಕೂರುವವರು ಅಂಕೋಲಾ ಕಡೆಯ ಹಾಲಕ್ಕಿ ಹೆಂಗಸರು. ಕುತ್ತಿಗೆ ತುಂಬ ಕರಿಮಣಿ, ಬುಟ್ಟಿ ತುಂಬ ಸೊಪ್ಪು. ಬೆಳಗಿನ ಜಾವ ಎದ್ದು, ಕೊಯ್ದು, ಬಸ್ಸು ಹಿಡಿದು ಬರುವವರು. ಈ ಕರಾವಳಿಯ ಪೇಟೆಗಳಿಗೆ ತಾಜಾ ಸೊಪ್ಪು ತಿನ್ನಿಸಿದವರು ಇವರು. ಅವರಲ್ಲಿ ಹಿರಿಯಳೊಬ್ಬಳು ಎಲ್ಲರೆದುರು ಕೇಳಿದಳು. ‘ಕಾಲೊನಿಯವರಿಗೆಲ್ಲ ಬೀಜ ಹಂಚ್ತ್ಯಂತೆ. ನಮ್ಮ ಹೊಟ್ಟೆ ಮೇಲೆ ಹೊಡಿತ್ಯಾ?’

ನನ್ನಲ್ಲಿ ಉತ್ತರ ಇರಲಿಲ್ಲ. ಸಂಬಳದವರು ತಾರಸಿ ಮೇಲೆ ಟೊಮೆಟೊ ಬೆಳೆದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಅವರು ಆ ದಿನ ಕೊಳ್ಳದೆ ಬಿಟ್ಟ ಎರಡು ಕಟ್ಟು ಸೊಪ್ಪು ಯಾರ ಬುಟ್ಟಿಯಲ್ಲಿ ಬಾಡಿತು ಎಂದು ಯಾರೂ ಬರೆಯುವುದಿಲ್ಲ. ಪೇಟೆ ಕೃಷಿಯ ಬಗ್ಗೆ ಮಾತಾಡುವವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದನ್ನು ನಾನು ನೋಡಿದ್ದೇನೆ.

ಅವಳೇ ದಾರಿಯನ್ನೂ ಹೇಳಿದಳು. ‘ಮಳೆಗಾಲದಾಗೆ ಬೆಳಸು. ಆಗ ನಾವೂ ಬರೂದಿಲ್ಲ.’

ಹೌದಲ್ಲ! ನಮ್ಮ ತರಕಾರಿ ಸುಗ್ಗಿ ಎಲ್ಲ ಭತ್ತದ ಕೊಯ್ಲಿನ ನಂತರ, ನವೆಂಬರಿನಿಂದ ಏಪ್ರಿಲ್ ತನಕ. ಜೂನಿನಿಂದ ಸೆಪ್ಟೆಂಬರ್ ತನಕ ಗದ್ದೆಯಲ್ಲಿ ಭತ್ತ, ಉಳಿದಲ್ಲಿ ನೀರು. ಆ ನಾಲ್ಕು ತಿಂಗಳು ಕಾರವಾರ ತಿನ್ನುವ ತರಕಾರಿ ಹೆಚ್ಚುಕಡಿಮೆ ಪೂರ್ತಿ ಘಟ್ಟದ ಮೇಲಿನದ್ದು. ಹುಬ್ಬಳ್ಳಿ, ಬೆಳಗಾವಿಯ ಲಾರಿ. ರೇಟು ಜಾಸ್ತಿ, ಮಾಲು ಹಳತು. ಆ ಕಾಲದಲ್ಲಿ ಪೇಟೆಯವರು ಬೆಳೆದರೆ ನಮಗೆ ನಷ್ಟ ಇಲ್ಲ. ಅವರಿಗೆ ಲಾಭ ಜಾಸ್ತಿ.

ಆ ವರ್ಷವೇ ಇದರ ಅರ್ಥ ಆಯಿತು. 2021ರ ಜುಲೈ 23ರ ಮಳೆ ಈ ಜಿಲ್ಲೆಯವರು ಮರೆಯುವುದಿಲ್ಲ. ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿಯಿತು, ಗುಳ್ಳಾಪುರದ ಸೇತುವೆ ಹೋಯಿತು, ಕಾಳಿ, ಗಂಗಾವಳಿ ಎರಡೂ ಉಕ್ಕಿದವು. ಹುಬ್ಬಳ್ಳಿ ಲಾರಿ ಬರುವ ದಾರಿಯೇ ಬಂದ್. ನಮ್ಮ ಅಂಗಡಿಗಳಲ್ಲಿ ಉಳಿದದ್ದು ಬಟಾಟೆ, ನೀರುಳ್ಳಿ. ಕಾಲೊನಿಯ ಅಜ್ಜಿಯ ಚಪ್ಪರದಲ್ಲಿ ಆಗ ಹೀರೆಕಾಯಿ ಜೋತಾಡುತ್ತಿತ್ತು. ಅಕ್ಕಪಕ್ಕದ ನಾಲ್ಕು ಮನೆಗೆ ಅವಳು ಹಂಚಿದಳು. ದುಡ್ಡು ಕೇಳಲಿಲ್ಲ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಕುಸಿದು ಬಿತ್ತು. ಅದರ ಮೇಲಿದ್ದ ಲಾರಿಯೊಂದು ನೀರಿಗೆ ಬಿದ್ದು, ಡ್ರೈವರ್ ಪುಣ್ಯಕ್ಕೆ ಬದುಕಿದ. ಅದಕ್ಕೆ ಮೂರು ವಾರ ಮೊದಲು, ಜುಲೈ 16ಕ್ಕೆ, ಅಂಕೋಲಾ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತಿದ್ದರು, ಹೆದ್ದಾರಿ ಎಷ್ಟೋ ದಿನ ಮುಚ್ಚಿತ್ತು. ಸೇತುವೆ ಬಿದ್ದ ಬೆಳಿಗ್ಗೆ ನಾನು ಸೈಕಲ್ಲು ಹಿಡಿದು ನದಿ ದಂಡೆಯಲ್ಲಿ ನಿಂತಿದ್ದೆ. ಹೊಸ ಸೇತುವೆ ಇತ್ತು, ಅದರ ಮೇಲೆ ಮತ್ತೆ ಸಂಚಾರ ಶುರುವಾಯಿತು, ನಿಜ. ಆದರೆ ಎರಡು ದಂಡೆಗಳ ನಡುವೆ ಉಳಿದದ್ದು ಅದೊಂದೇ. ನಮ್ಮ ಊಟದ ತಟ್ಟೆ ಎಷ್ಟು ತೆಳ್ಳಗಿನ ದಾರದಲ್ಲಿ ನೇತಾಡುತ್ತಿದೆ ಅಂತ ಅನಿಸಿತು.

ಮಳೆಗಾಲದ ಕ್ರಮ

ಸದಾಶಿವಗಡದ ಮಳೆಯಲ್ಲಿ ತರಕಾರಿ ಬೆಳೆಯುವುದು ಸುಲಭ ಅಲ್ಲ. ಆದರೆ ಹೊಸತೂ ಅಲ್ಲ. ಅಜ್ಜಿಯರ ಕಾಲದಲ್ಲಿ ಮನೆ ಸುತ್ತ ಮಳೆಗಾಲದ ‘ಮಡಿ’ ಇತ್ತು. ಗುಟ್ಟು ಇಷ್ಟೆ: ಮೇ ಕೊನೆಯ ಮೊದಲ ಮಳೆಗೇ ಬೀಜ ಬೀಳಬೇಕು. ಜಡಿಮಳೆ ಹಿಡಿಯುವ ಹೊತ್ತಿಗೆ ಬಳ್ಳಿ ಚಪ್ಪರ ಹತ್ತಿರಬೇಕು. ಜೂನ್ ಮಧ್ಯದಲ್ಲಿ ಹಾಕಿದರೆ ಬೀಜ ಕೊಳೆಯುತ್ತದೆ.

ನೆಲ ಇದ್ದವರು ಮೊಣಕಾಲೆತ್ತರ ದಿಬ್ಬ ಮಾಡಬೇಕು. ಒಳಗೆ ತೆಂಗಿನ ಸಿಪ್ಪೆ, ಸೊಪ್ಪು, ಮೇಲೆ ಸುಡುಮಣ್ಣು. ದಿಬ್ಬಕ್ಕೆ ಮೂರು ಬೀಜ. ಹೀರೆ, ಪಡವಲ, ಹಾಗಲ, ಮೊಗೆಕಾಯಿ. ಬೆಂಡೆಯಲ್ಲಿ ನಮ್ಮ ಹಾಲುಬೆಂಡೆಯೇ ಆಗಬೇಕು. ಬಿಳಿ ಬಣ್ಣದ, ಎಂಟು ಏಣಿನ ಉದ್ದ ಕಾಯಿ. ಪೇಟೆಯಲ್ಲಿ ಸಿಗುವ ಪ್ಯಾಕೆಟ್ ಬೆಂಡೆ ಜುಲೈ ಮಳೆಗೆ ಕೊಳೆತು ಹೋಗುವುದನ್ನು ಎರಡು ವರ್ಷ ನೋಡಿದೆ. ಹಾಲುಬೆಂಡೆ ಗಿಡ ಆಳೆತ್ತರ ಹೋಗುತ್ತದೆ, ಕಾಯಿ ಗೇಣು ದಾಟಿದರೂ ಎಳತೇ ಇರುತ್ತದೆ. ಮಡಿಯ ಅಂಚಿಗೆ ಕೆಸು. ಬೇಲಿಗೆ ನುಗ್ಗೆ. ಆದರೆ ನುಗ್ಗೆ ಮಳೆಗಾಲದಲ್ಲಿ ಎಲೆ ಉದುರಿಸಿ ಸತಾಯಿಸುತ್ತದೆ, ನೀರು ನಿಲ್ಲದ ಜಾಗ ಬೇಕು.

ಹರಿವೆ ಮಾತ್ರ ತೆರೆದ ಮಳೆಯಲ್ಲಿ ನಡೆಯುವುದಿಲ್ಲ. ಹನಿಯ ಹೊಡೆತಕ್ಕೆ ಮಣ್ಣು ಎಲೆಗೆ ಸಿಡಿದು ಕೊಳೆಯುತ್ತದೆ. ಅದಕ್ಕೆ ಮಾಡಿನ ಅಂಚಿನ ಕೆಳಗೆ, ಬೆಳಕು ಬೀಳುವ ಕಡೆ ಚೀಲ. ನಾಲ್ಕು ಬಿದಿರು ನೆಟ್ಟು ಪಾರದರ್ಶಕ ಪ್ಲಾಸ್ಟಿಕ್ ಹಾಸಿದರೆ ಇನ್ನೂ ಒಳ್ಳೆಯದು. ಬಿತ್ತಿದ 25–30 ದಿನಕ್ಕೆ ಕೀಳಬಹುದು. ಬಸಳೆಗೆ ಯಾವ ತಕರಾರೂ ಇಲ್ಲ. ದಂಟು ನೆಟ್ಟು ಒಂದೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ವಾರವಾರ.

ಮಳೆ ನಿಂತು ಬಿಸಿಲು ಬಂದ ವಾರ ಹಣ್ಣುನೊಣ ಬರುತ್ತದೆ. ಹೀರೆ, ಹಾಗಲ ಮಿಡಿಯಿದ್ದಾಗಲೇ ಹಳೆ ಪೇಪರಿನ ಕೊಟ್ಟೆ ಹಾಕಿ ಕಟ್ಟಿದರೆ ಉಳಿಯುತ್ತದೆ. ಹತ್ತಿಪ್ಪತ್ತು ಕಾಯಿಯ ಕೈತೋಟದಲ್ಲಿ ಇದು ಸಾಧ್ಯ, ನನ್ನ 9 ಗುಂಟೆಯಲ್ಲಿ ಸಾಧ್ಯ ಇಲ್ಲ. ಸಣ್ಣದಕ್ಕಿರುವ ಅನುಕೂಲ ಅದು. ಬಸವನಹುಳಕ್ಕೆ ಸಂಜೆ ಪಪ್ಪಾಯಿ ಎಲೆ ಹಾಸಿಟ್ಟು ರಾತ್ರಿ ಟಾರ್ಚು ಹಿಡಿದು ಆರಿಸುವುದು. ಮಕ್ಕಳಿಗೆ ಇದು ಬಹಳ ಖುಷಿ ಕೊಡುವ ಕೆಲಸ.

ಬೆಳೆಯುವುದರ ಜೊತೆ ಕೂಡಿಡುವುದನ್ನೂ ಹೇಳಬೇಕು. ಬೇಸಿಗೆಯಲ್ಲಿ ಬಲಿತ ಮೊಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಗಾಳಿಯಾಡುವ ಮಾಡಿಗೆ ನೇತುಹಾಕಿದರೆ ಆಗಸ್ಟ್ ತನಕ ಬರುತ್ತದೆ. ಒಂದಕ್ಕೊಂದು ತಾಗಬಾರದು, ತೊಟ್ಟು ಮುರಿಯಬಾರದು. ಸ್ಲ್ಯಾಬಿನ ಮನೆಯವರು ಎಲ್ಲಿ ಕಟ್ಟುವುದು ಎಂದು ಕೇಳಿದರು. ಕಿಟಕಿ ಸರಳಿಗೆ ಕಟ್ಟಿ ತೋರಿಸಿದೆ. ಹಲಸಿನ ಬೀಜ ಮಣ್ಣು ಮೆತ್ತಿ ಇಡುವುದು ಎಲ್ಲರಿಗೂ ಗೊತ್ತೇ ಇತ್ತು, ಮಾಡುವುದು ಬಿಟ್ಟಿದ್ದರು ಅಷ್ಟೆ.

ಲೆಕ್ಕ ಎಷ್ಟಾಯಿತು?

2023ರ ಮಳೆಗಾಲದಲ್ಲಿ ಒಂದು ಮನೆಯವರಿಗೆ ತಕ್ಕಡಿ ಕೊಟ್ಟು ಎಲ್ಲ ತೂಗಿ ಬರೆಯಲು ಹೇಳಿದೆ. ನಾಲ್ಕು ಜನರ ಮನೆ. ಒಂಬತ್ತು ದಿಬ್ಬ, ಹತ್ತು ಹಾಲುಬೆಂಡೆ ಗಿಡ, ಆರು ಚೀಲ ಬಸಳೆ, ಮಾಡಿನ ಅಂಚಿಗೆ ಹರಿವೆ. ಜೂನಿನಿಂದ ಸೆಪ್ಟೆಂಬರ್ ಕೊನೆಗೆ ಒಟ್ಟು 46 ಕಿಲೋ. ಖರ್ಚು ಪ್ಲಾಸ್ಟಿಕ್, ಬೆಲ್ಲ ಸೇರಿ ಮುನ್ನೂರು ರೂಪಾಯಿ ಒಳಗೆ. ದುಡಿಮೆ ದಿನಕ್ಕೆ ಅರ್ಧ ಗಂಟೆ.

ಇದು ಹೆಚ್ಚೋ ಕಡಿಮೆಯೋ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂತ್ರದಲ್ಲಿ ಒಬ್ಬರಿಗೆ ದಿನಕ್ಕೆ ಸೊಪ್ಪು ಸೇರಿ 400 ಗ್ರಾಂ ತರಕಾರಿ ಎಂದಿದೆ. ನಾಲ್ಕು ಜನರಿಗೆ ನಾಲ್ಕು ತಿಂಗಳಿಗೆ 192 ಕಿಲೋ ಆಯಿತು. 46 ಅಂದರೆ ಅದರ ಕಾಲು ಭಾಗ, ಅಷ್ಟೂ ಇಲ್ಲ. ‘ಮನೆಗೆ ಬೇಕಾದ ತರಕಾರಿ ಪೂರ್ತಿ ತಾರಸಿಯಲ್ಲಿ’ ಎನ್ನುವವರ ಮಾತು ಕೇಳಿ ಯಾರೂ ಮೋಸ ಹೋಗಬೇಡಿ. ಆದರೆ ಈ ಮನೆಯವರು ಮೊದಲು ಮಳೆಗಾಲದಲ್ಲಿ ವಾರಕ್ಕೆ ಎರಡು ಕಿಲೋ ಕೊಳ್ಳುತ್ತಿದ್ದರು, ಅದರಲ್ಲೂ ಒಂದು ಕಿಲೋ ಬಟಾಟೆ. ಅವರಿಗೆ ಇದು ಮೊದಲಿಗಿಂತ ಎರಡು ಪಟ್ಟಿಗಿಂತಲೂ ಮೇಲೆ.

ಆರೋಗ್ಯದ ಬಗ್ಗೆ ನಾನು ಡಾಕ್ಟರನ ಹಾಗೆ ಮಾತಾಡುವುದಿಲ್ಲ. ಹರಿವೆ, ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಉಂಟು, ಅದು ಮೈಗೆ ಹತ್ತಲು ಲಿಂಬೆ, ನೆಲ್ಲಿಯಂಥ ಹುಳಿ ಜೊತೆಗಿರಬೇಕು, ಊಟದ ಬೆನ್ನಿಗೇ ಚಾ ಕುಡಿಯಬಾರದು. ಇಷ್ಟನ್ನು ಸಸಿ ಕೊಡುವಾಗ ಹೇಳುತ್ತೇನೆ. ಚಾ ಬಿಟ್ಟವರು ಯಾರೂ ಇಲ್ಲ. ಮಕ್ಕಳು ತಾವೇ ನೆಟ್ಟದ್ದಾದರೆ ಪಡವಲಕಾಯಿಯನ್ನೂ ತಿನ್ನುತ್ತಾರೆ ಎನ್ನುವುದು ಮಾತ್ರ ಐದಾರು ಮನೆಯ ತಾಯಂದಿರು ಹೇಳಿದ್ದು.

ನನ್ನ ವ್ಯಾಪಾರದ ಲೆಕ್ಕವನ್ನೂ ಹೇಳದಿದ್ದರೆ ಸರಿಯಲ್ಲ. ಸೈಕಲ್ಲಿನ ವ್ಯಾಪಾರದಲ್ಲಿ ಹರಿವೆ, ಬಸಳೆ ಸ್ವಲ್ಪ ಇಳಿಯಿತು. ಆದರೆ ಬದನೆ, ಅಲಸಂದೆ ಏರಿತು. ಬಾಯಿಗೆ ರುಚಿ ಹತ್ತಿದವರು ಹೆಚ್ಚು ತರಕಾರಿ ತಿನ್ನುತ್ತಾರೆ. ಮೇ ತಿಂಗಳ ಸಸಿ ಮಾರಾಟ ಹೊಸ ಆದಾಯ. ಇದ್ದವರಿಗೆ ದುಡ್ಡಿಗೆ, ಇಲ್ಲದವರಿಗೆ ಪುಕ್ಕಟೆ. ಮತ್ತೊಂದು ಬದಲಾವಣೆ, ಚೀಲದಲ್ಲಿ ಒಂದು ಬದನೆ ಬೆಳೆಯಲು ಪಾಡು ಪಟ್ಟವರು ಸಂತೆಯಲ್ಲಿ ಚೌಕಾಸಿ ಮಾಡುವುದಿಲ್ಲ. ಹಾಲಕ್ಕಿ ಹಿರಿಯಳೇ ಇದನ್ನು ಗಮನಿಸಿ ಹೇಳಿದ್ದು.

ಜಾಗ ಯಾರದ್ದು?

23 ಮನೆಯಲ್ಲಿ ಈಗ ನಿಯಮಿತವಾಗಿ ಮಾಡುತ್ತಿರುವುದು 9. ಬಿಟ್ಟವರು ಯಾರು ಅಂತ ನೋಡಿದರೆ ಬೇಜಾರಾಗುತ್ತದೆ. ಅತಿ ಹೆಚ್ಚು ಬೇಕಾದವರೇ, ಬಾಡಿಗೆ ಕೋಣೆಯವರು. ಗೋಡೆ ಒದ್ದೆಯಾಗುತ್ತದೆ ಎಂದು ಮಾಲಕರು ಬೇಡ ಅಂದರು. ಕೆಲವರು ಕೋಣೆ ಬದಲಿಸಿದರು, ಮಣ್ಣು ತುಂಬಿದ ಚೀಲ ಹೊತ್ತುಕೊಂಡು ಹೋಗಲಿಕ್ಕೆ ಆಗುತ್ತದಾ? ‘ಹಸಿರು ಅಂತ ಕಾಣದೆ ಹದಿನೈದು ದಿನ’ ಅಂದ ಆ ತಾಯಿಯೂ ಈಗ ಇಲ್ಲಿಲ್ಲ.

2022ರಲ್ಲಿ ಇಂಥವರಿಗಾಗಿಯೇ ಖಾಲಿ ಬಿದ್ದ ಮೂರು ಗುಂಟೆ ಜಾಗ ಕೇಳಿ ಪಡೆದೆವು. ಜಾಗದವರು ಬಾಯಿಮಾತಿನಲ್ಲಿ ಹೂಂ ಅಂದರು. ಏಳು ಮನೆಯ ಹೆಂಗಸರು ಮುಳ್ಳು ಕಡಿದು, ಗಾಜು, ಪ್ಲಾಸ್ಟಿಕ್ ಆರಿಸಿ, ಹದಿನೆಂಟು ಮಡಿ ಮಾಡಿದರು. ಒಂದು ಮಳೆಗಾಲ ಭರ್ಜರಿ ಬೆಳೆ. ಮುಂದಿನ ಏಪ್ರಿಲಿನಲ್ಲಿ ಹೋಗಿ ನೋಡಿದರೆ ಸುತ್ತ ಕಾಂಪೌಂಡು, ಜೆಸಿಬಿ ಮಣ್ಣು ಎಳೆದಾಗಿತ್ತು. ಮಾರಿದ್ದರು. ಮಾರುವುದು ಅವರ ಹಕ್ಕು, ಒಂದು ಮಾತು ಹೇಳಬಹುದಿತ್ತು. ಸುಡುಮಣ್ಣು, ಗೊಬ್ಬರ ಎಲ್ಲ ಅಡಿಪಾಯದ ಕೆಳಗೆ ಹೋಯಿತು. ನಮ್ಮಲ್ಲಿ ಕಾಗದ ಇರಲಿಲ್ಲ. ಗೇಣಿಗೆ ಮಾಡುವ ಕೃಷಿಕರಿಗೆ ಇದು ಹೊಸ ಕತೆಯಲ್ಲ.

ಬೇರೆ ಕಡೆ ಹೇಗಿದೆ ಎಂದು ಓದಿ ತಿಳಿದುಕೊಂಡೆ. ಬೆಂಗಳೂರಿನಲ್ಲಿ ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ತಾರಸಿ ತೋಟವನ್ನು ಸಾವಿರಾರು ಮನೆಗೆ ಕಲಿಸಿದರು. 2011ರಿಂದ ಅಲ್ಲಿ ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳ ನಡೆದುಬಂತು. ಒಳ್ಳೆಯ ಕೆಲಸ. ಆದರೆ ತಾರಸಿ ಇರುವುದು ಸ್ವಂತ ಮನೆಯವರಿಗೆ. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಹಿತ್ತಲ ಬೀಜಗಳನ್ನು ಉಳಿಸಿ ಹಂಚುತ್ತಿದ್ದಾರೆ. ನಮ್ಮ ಮಳೆಗೆ ತಾಳುವ ತಳಿಗಳ ಮಟ್ಟಿಗೆ ಇದು ನಮಗೆ ಹೆಚ್ಚು ಹತ್ತಿರದ್ದು. ಕ್ಯೂಬಾ ದೇಶದ್ದು ಇನ್ನೊಂದು ಬಗೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಎಣ್ಣೆ, ಗೊಬ್ಬರ ಬರುವುದು ನಿಂತಾಗ ರಾಜಧಾನಿ ಹವಾನಾದ ಖಾಲಿ ನಿವೇಶನಗಳನ್ನೇ ಬೆಳೆಯುವವರ ಕೈಗೆ ಕೊಟ್ಟರು. ಏರುಮಡಿ ಕಟ್ಟಿ ನಗರದೊಳಗೇ ಸೊಪ್ಪು ಬೆಳೆದು ಅಲ್ಲೇ ಮಾರಿದರು. ಅಮೆರಿಕದ ಡೆಟ್ರಾಯ್ಟ್ ನಗರದ ಕರಿಯ ಸಮುದಾಯದವರು 2006ರಲ್ಲಿ ಸಂಘಟನೆ ಕಟ್ಟಿಕೊಂಡು, ನಗರದ ಪಾರ್ಕಿನಲ್ಲಿ 7 ಎಕರೆ ತೋಟ ನಡೆಸುತ್ತಿದ್ದಾರೆ. ತಮ್ಮ ಕೇರಿಗೆ ತಾಜಾ ತರಕಾರಿ ಸಿಗುವುದು ದಯೆ ಅಲ್ಲ, ನ್ಯಾಯದ ಪ್ರಶ್ನೆ ಎಂಬುದು ಅವರ ವಾದ. ಎರಡೂ ಕಡೆ ಬೀಜ, ಗೊಬ್ಬರಕ್ಕಿಂತ ಮೊದಲು ಬಗೆಹರಿದದ್ದು ಜಾಗದ ವಿಷಯ.

ಹಾಗಾಗಿ ಈಗ ನಾವು ಜಾಗ ಕೇಳುವಾಗ ಐದು ವರ್ಷದ ಕಾಗದ ಕೇಳುತ್ತೇವೆ. ಇಬ್ಬರು ಮುಖ ತಿರುಗಿಸಿದರು. ಮೂರನೆಯವರು, ಗೋವಾದಲ್ಲಿ ನೆಲೆಸಿದವರು, ತಮ್ಮ ತೆಂಗಿನ ಹಿತ್ತಿಲಿನ ನಾಲ್ಕು ಗುಂಟೆಯನ್ನು ಛಾಪಾ ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ಕರಾರು ಒಂದೇ: ತೆಂಗಿಗೆ ನೀರು, ಗೊಬ್ಬರ ನಾವು ನೋಡಿಕೊಳ್ಳಬೇಕು, ಕಾಯಿ ಅವರದ್ದು. ನೆರಳು ಹೆಚ್ಚು, ಬೆಂಡೆ ಆಗುವುದಿಲ್ಲ. ಕೆಸು, ಬಸಳೆ, ಸುವರ್ಣಗಡ್ಡೆ, ಅಂಚಿನ ಬಿಸಿಲಿಗೆ ಹೀರೆ. ಆರು ಬಾಡಿಗೆ ಮನೆಯವರು ಸೇರಿದ್ದಾರೆ. ಮನೆ ಬದಲಿಸಿದರೂ ಮಡಿ ಅವರದ್ದೇ ಇರುತ್ತದೆ, ಊರು ಬಿಟ್ಟರೆ ಮಾತ್ರ ಮುಂದಿನವರಿಗೆ ಎಂದು ಬರೆದಿಟ್ಟಿದ್ದೇವೆ.

ಬೀಜ ಪೂರ್ತಿ ನಮ್ಮದೇ. ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡ ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಓದು ಬರಹ ಇಲ್ಲದೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು ಪದ್ಮಶ್ರೀ ತನಕ ಹೋದವರು. ಬೀಜಕ್ಕೆ ತಾಯಿಮರ ಆರಿಸುವುದರಲ್ಲಿ ಅವರ ಕಣ್ಣು ತಪ್ಪುತ್ತಿರಲಿಲ್ಲವಂತೆ. ಅದನ್ನೇ ನೆನಪಿಟ್ಟುಕೊಂಡು ಜುಲೈ ಮಳೆಗೆ ಅಲುಗದೆ ನಿಂತ ಗಿಡಕ್ಕೆ ಕೆಂಪು ದಾರ ಕಟ್ಟುತ್ತೇವೆ. ಅದರ ಎರಡನೇ, ಮೂರನೇ ಕಾಯಿ ಬೀಜಕ್ಕೆ. ಯಾರೂ ಕೊಯ್ಯುವಂತಿಲ್ಲ. ಒಂದು ಸಲ ನನ್ನ ಹೆಂಡತಿಯೇ ಸಾಂಬಾರಿಗೆ ಕೊಯ್ದುಬಿಟ್ಟಿದ್ದಳು.

ಈ ಸಲ ಹಾಲುಬೆಂಡೆ ಬೀಜ ಒಂದು ಸೇರಿನಷ್ಟು ಒಣಗಿಸಿ ಬೂದಿ ಬೆರೆಸಿ ಸೀಸೆಯಲ್ಲಿಟ್ಟಿದ್ದೇನೆ. ಬೇಕಾದವರು ಸ್ವವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆಯನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಒಬ್ಬರಿಗೆ ಇಪ್ಪತ್ತು ಬೀಜ. ಏಪ್ರಿಲ್ ಒಳಗೆ ಬರೆದರೆ ಮೊದಲ ಮಳೆಗೆ ಹಾಕಲಿಕ್ಕೆ ಸಿಗುತ್ತದೆ. ಬೆಳೆದ ಮೇಲೆ ಇಪ್ಪತ್ತು ಬೀಜ ನಿಮ್ಮ ಹತ್ತಿರದ ಪೇಟೆಯವರೊಬ್ಬರಿಗೆ ಕೊಡಬೇಕು, ಜುಲೈಯಲ್ಲಿ ಗಿಡ ನಿಂತಿತೋ ಬಿತ್ತೋ ಎಂದು ನನಗೊಂದು ಕಾರ್ಡು ಬರೆಯಬೇಕು.